ಸಿನಿಮಾಗೆ ಮೊದಲು ಬರುತ್ತಿದ್ದ ಆ ರೀಲು

ನಮ್ಮ ಊರಿನ ಟೆಂಟ್ ಸಿನಿಮಾದಲ್ಲಿ ನನ್ನ ಸೋದರಮಾವ ಆಪರೇಟರ್ ಆಗಿದ್ದರು. ಹಾಗಾಗಿ ನನಗೆ ನೆಲದ ಟಿಕೆಟ್ಟೂ ಬೇಕಿರಲಿಲ್ಲ. ಪ್ರೊಜೆಕ್ಟರ್ ಪಕ್ಕದ ಸ್ಟೂಲಿನ ಮೇಲೆ ಕೂತು ಎಷ್ಟು ಸಿನಿಮಾ ನೋಡಿದೆನೋ ಲೆಕ್ಕವಿಲ್ಲ. 1976ರಲ್ಲಿ ನನಗೆ ಹತ್ತು ವರ್ಷ. ರಾಜ್‌ಕುಮಾರ್ ತೆರೆಗೆ ಬರುವ ಮೊದಲು ಒಂದು ನ್ಯೂಸ್ ರೀಲು ಓಡುತ್ತಿತ್ತು. ಕಪ್ಪು ಬಿಳುಪು. ಅಣೆಕಟ್ಟು, ಮಗ್ಗ, ಸಾಲಾಗಿ ನಿಂತ ಮಕ್ಕಳು, ಕೈಮುಗಿಯುತ್ತಾ ನಡೆದು ಬರುವ ಪ್ರಧಾನಿ, ಇದೆಲ್ಲದರ ಮೇಲೆ ಗಂಭೀರವಾದ ಒಂದು ಗಂಡು ದನಿ. ಅಷ್ಟರಲ್ಲಿ ಒಂದು ಬೀಡಿ ಸೇದಿ ಬರೋಣ ಎಂದು ಗಂಡಸರೆಲ್ಲ ಹೊರಗೆ ಹೋಗುತ್ತಿದ್ದರು. ನಾನು ಕೂತೇ ಇರುತ್ತಿದ್ದೆ. ಆ ದನಿ ನನಗೆ ಇಷ್ಟವಾಗಿತ್ತು, ಪಾಠದ ಪುಸ್ತಕವನ್ನು ನಂಬಿದ ಹಾಗೆ ಅದನ್ನೂ ನಂಬುತ್ತಿದ್ದೆ.

ಒಂದು ರಾತ್ರಿ ಮಳೆ ಬಂದು, ಕರೆಂಟು ಹೋಗಿ, ಆಟ ಶುರುವಾಗುವುದು ತಡವಾಯಿತು. ಜನ ಶಿಳ್ಳೆ ಹೊಡೆಯುತ್ತಿದ್ದರು. "ಇವತ್ತು ರೀಲು ಬಿಟ್ಬಿಡಿ ಮಾವ, ನೇರ ಪಿಕ್ಚರ್ ಹಾಕಿ" ಎಂದೆ. "ಬಿಟ್ರೆ ಲೈಸೆನ್ಸ್ ಹೋಗುತ್ತೆ ಕಣೋ" ಎಂದರು ಮಾವ. ಆ ಮಾತಿನ ಭಾರ ನನಗೆ ಗೊತ್ತಾಗಿದ್ದು ತುಂಬ ವರ್ಷ ಕಳೆದ ಮೇಲೆ.

ಸರ್ಕಾರ ಫಿಲಂಸ್ ಡಿವಿಷನ್ ಶುರು ಮಾಡಿದ್ದು 1948ರಲ್ಲಿ, ಮುಂಬೈಯಲ್ಲಿ. ಅಲ್ಲಿ ತಯಾರಾದ ಸಾಕ್ಷ್ಯಚಿತ್ರ ಅಥವಾ ವಾರ್ತಾಚಿತ್ರವನ್ನು ಪ್ರತಿ ಆಟಕ್ಕೂ ಮೊದಲು ತೋರಿಸಲೇಬೇಕು ಎನ್ನುವುದು ದೇಶದ ಟಾಕೀಸುಗಳ ಲೈಸೆನ್ಸಿನಲ್ಲೇ ಇದ್ದ ಷರತ್ತು. ಅದಕ್ಕೆ ಬಾಡಿಗೆಯನ್ನೂ ಟಾಕೀಸಿನವರೇ ಕೊಡಬೇಕಿತ್ತು. ಇದು ನಮ್ಮವರು ಹೊಸದಾಗಿ ಹುಡುಕಿದ ಉಪಾಯವೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಯುದ್ಧಕ್ಕೆ ಜನಬೆಂಬಲ ಗಳಿಸಲು ಇಂಥದ್ದೇ ಒಂದು ಸಂಸ್ಥೆ ಮಾಡಿ, ಭಾರತ ರಕ್ಷಣಾ ನಿಯಮಗಳ ಬಲದಿಂದ ಟಾಕೀಸುಗಳಲ್ಲಿ ರೀಲು ಓಡಿಸುತ್ತಿದ್ದರು. 1946ರಲ್ಲಿ ಅದು ಮುಚ್ಚಿತು. ಎರಡೇ ವರ್ಷದಲ್ಲಿ, ಸ್ವಾತಂತ್ರ್ಯ ಬಂದ ಮೇಲೆ, ಅದೇ ಕಡ್ಡಾಯದ ನಿಯಮ ಮತ್ತೆ ಬಂತು. ದುಡ್ಡು ಕೊಟ್ಟು ರಾಜ್‌ಕುಮಾರ್ ನೋಡಲು ಬಂದವನ ಮುಂದೆ, ದೀಪ ಆರಿಸಿ, ಸರ್ಕಾರ ತನ್ನ ಮಾತು ಹೇಳುವ ಏರ್ಪಾಡು. ಓದು ಬಾರದವರೇ ಜಾಸ್ತಿ ಇದ್ದ ನಮ್ಮಂಥ ಊರಿನಲ್ಲಿ ಪೇಪರಿಗಿಂತ ಇದಕ್ಕೆ ಎಷ್ಟು ಶಕ್ತಿ ಇತ್ತು ಯೋಚಿಸಿ.

ಈಗ ಫಿಲಂಸ್ ಡಿವಿಷನ್ನಿನ ಎಷ್ಟೋ ಹಳೇ ರೀಲುಗಳು ಯೂಟ್ಯೂಬಿನಲ್ಲಿವೆ. ಹೋದ ತಿಂಗಳು ಒಂದರ ಹಿಂದೆ ಒಂದು ನೋಡುತ್ತಾ ಕೂತೆ. ಹತ್ತು ವರ್ಷದ ಹುಡುಗನಿಗೆ ಕಾಣದ ಒಂದು ವಿಷಯ ಈಗ ಕಂಡಿತು. ರೈತನ ಬಾಯಿ ಅಲ್ಲಾಡುತ್ತದೆ, ದನಿ ಅವನದಲ್ಲ. ಹೆಂಗಸು ಏನೋ ಹೇಳುತ್ತಾಳೆ, ಕೈ ಆಡಿಸುತ್ತಾಳೆ, ನಗುತ್ತಾಳೆ, ನಮಗೆ ಕೇಳಿಸುವುದು ಮಾತ್ರ ಹಿನ್ನೆಲೆಯ ಆ ಗಂಡಸು, ಇವರಿಗೆಲ್ಲ ಈಗ ನೆಮ್ಮದಿ ಎಂದು ಹೇಳುತ್ತಿರುತ್ತಾನೆ. ಆಕೆ ನಿಜವಾಗಿ ಏನು ಹೇಳಿದಳು? ಹೊಲಕ್ಕೆ ನೀರು ಬಂತು ಎಂದಳೋ, ಬಂದಿಲ್ಲ ಎಂದಳೋ? ಕ್ಯಾಮೆರಾ ಜೊತೆ ಧ್ವನಿ ಹಿಡಿಯುವುದು ಆಗ ದುಬಾರಿ, ಹಲವು ಭಾಷೆಗೆ ಡಬ್ ಮಾಡುವುದಕ್ಕೂ ಇದೇ ಸುಲಭ, ಅದೆಲ್ಲ ಸರಿ. ಆದರೆ ಉತ್ತರದ ಯಾವುದೋ ಹಳ್ಳಿಯ ಹೆಂಗಸಿನ ಬಾಯಿಗೆ ನಮ್ಮ ಟೆಂಟಿನಲ್ಲಿ ಕನ್ನಡದ ಒಪ್ಪಿಗೆ ಸೇರಿಕೊಳ್ಳುತ್ತಿತ್ತು ಅಲ್ವಾ? ಚಿತ್ರ ಸುಳ್ಳಲ್ಲ. ಅಣೆಕಟ್ಟು ಇತ್ತು, ಮಗ್ಗ ಇತ್ತು, ಆಕೆ ನಕ್ಕಿದ್ದೂ ನಿಜ. ಅದಕ್ಕೇ ನಾನು ನಂಬಿದ್ದೆ.

ಈ ಸಂಸ್ಥೆಯಲ್ಲಿ ಇದ್ದವರೆಲ್ಲ ಹಾಗೇ ಎಂದು ನಾನು ಹೇಳುತ್ತಿಲ್ಲ. 1967ರಲ್ಲಿ ಅಲ್ಲೇ ಎಸ್.ಎನ್.ಎಸ್. ಶಾಸ್ತ್ರಿ 'ಐ ಆಮ್ 20' ಮಾಡಿದರು. 1947ರಲ್ಲಿ ಹುಟ್ಟಿದ ಹುಡುಗ ಹುಡುಗಿಯರನ್ನು ಹುಡುಕಿ, ದೇಶದ ಬಗ್ಗೆ ಏನನ್ನಿಸುತ್ತೆ ಎಂದು ಕೇಳಿದ ಚಿತ್ರ. ಅದರಲ್ಲಿ ಕನಸೂ ಇದೆ, ಬೇಸರವೂ ಇದೆ, ಎರಡೂ ಅವರವರ ದನಿಯಲ್ಲೇ ಇದೆ. ಸರ್ಕಾರದ ದುಡ್ಡಿನಲ್ಲೇ ಅದು ಸಾಧ್ಯವಾಗಿತ್ತು. ಇನ್ನು ಸಾಕ್ಷ್ಯಚಿತ್ರ ನಿರ್ದೇಶಕ ಸುಖದೇವ್. 'ಇಂಡಿಯಾ 67' ಚಿತ್ರದಲ್ಲಿ ಹಿನ್ನೆಲೆಯ ವಿವರಣೆಯನ್ನು ಬದಿಗಿಟ್ಟು ದೇಶವನ್ನು ಸುಮ್ನೆ ತೋರಿಸಿದ ಮನುಷ್ಯ. ಅವರೇ 1976ರಲ್ಲಿ, ತುರ್ತು ಪರಿಸ್ಥಿತಿಯಿಂದ ದೇಶಕ್ಕೆ ಒಳ್ಳೆಯದಾಯಿತು ಎನ್ನುವ 'ಥಂಡರ್ ಆಫ್ ಫ್ರೀಡಮ್' ಮಾಡಿದರು. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಕೈಲಾಗದವನು ಮಾಡಿದ ಪ್ರಚಾರವನ್ನು ಜನ ಬೀಡಿ ಸೇದಲು ಹೊರಗೆ ಹೋಗಿ ತಪ್ಪಿಸಿಕೊಳ್ಳುತ್ತಾರೆ, ಕೈಯಲ್ಲಿ ಕಲೆ ಇದ್ದವನು ಮಾಡಿದ್ದನ್ನು ಕೂತು ನೋಡುತ್ತಾರೆ.

ರೀಲಿನಲ್ಲಿ ಏನಿರಲಿಲ್ಲ ಎಂದು ಹುಡುಕಲು ದೆಹಲಿಗೆ ಹೋಗಬೇಕಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು, ಮಾರನೇ ದಿನ ಸಂಸತ್ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧನಕ್ಕೆ ಒಳಗಾದರು. ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಜೈಲು ಸೇರಿದರು. ಈಗ ಫ್ರೀಡಂ ಪಾರ್ಕ್ ಆಗಿರುವ ಜಾಗದಲ್ಲಿ ಆಗ ಸೆಂಟ್ರಲ್ ಜೈಲು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಿಂದ ಅಲ್ಲಿದ್ದರು. ಅವರಿಗೆ ಅಸ್ತಮಾ. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಜೈಲಿನಲ್ಲಿ ಡೈರಿ ಬರೆದರು. 1977ರ ಜನವರಿಯಲ್ಲಿ, ತೀರಾ ಹದಗೆಟ್ಟ ಮೇಲೆ, ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನ, ಜನವರಿ 20ಕ್ಕೆ ತೀರಿಕೊಂಡರು. ನಾನು ಸ್ಟೂಲಿನ ಮೇಲೆ ಕೂತು ಅಣೆಕಟ್ಟು ನೋಡುತ್ತಿದ್ದ ತಿಂಗಳುಗಳು ಅವು. ತೆರೆಯ ಮೇಲೆ ಅಭಿನಯಿಸಿದ ಒಬ್ಬ ಹೆಂಗಸಿಗೆ ತೆರೆಯ ಹೊರಗೆ ಏನಾಗುತ್ತಿದೆ ಎಂದು ತಿಳಿಸುವ ಒಂದು ಚೂರು ಫಿಲಂ ಕೂಡ ಯಾವ ಟೆಂಟಿಗೂ ಬರಲಿಲ್ಲ. ಅದೇ 1976-77ರಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಎಷ್ಟೋ ಕಡೆ ಬಲವಂತದಿಂದ. ರೀಲಿನಲ್ಲಿ ಕಂಡಿದ್ದು ಚಿಕ್ಕ ಸಂಸಾರದ ನಗುಮುಖ.

ಇವತ್ತು ಲೈಸೆನ್ಸಿನ ಹೆದರಿಕೆ ಬೇಕಿಲ್ಲ. ಚುನಾವಣೆ ಹತ್ತಿರ ಬಂದರೆ ಎಲ್ಲ ಪಕ್ಷದ ಕಡೆಯಿಂದಲೂ 'ಸಾಕ್ಷ್ಯಚಿತ್ರ'ಗಳು ಫೋನಿಗೇ ಬರುತ್ತವೆ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮನೆಯವರೇ ಕಳಿಸುತ್ತಾರೆ. ಅದರಲ್ಲಿ ಯಾರ ಬಾಯಿ ಅಲ್ಲಾಡುತ್ತಿದೆ, ಯಾರ ದನಿ ಕೇಳುತ್ತಿದೆ ಎಂದು ನಾನು ಮೊದಲು ನೋಡುತ್ತೇನೆ. ಆಮೇಲೆ ಉಳಿದದ್ದು.

ಆ ಕಾಲದಲ್ಲಿ ಇನ್ನೊಂದು ಚಿತ್ರವೂ ಇತ್ತು. ಬಿಹಾರದಲ್ಲಿ ಜೆ.ಪಿ., ಅಂದರೆ ಜಯಪ್ರಕಾಶ್ ನಾರಾಯಣ್ ಅವರ ಚಳವಳಿ ನಡೆದಾಗ ಆನಂದ್ ಪಟವರ್ಧನ್ ಎಂಬ ಹುಡುಗ, ಕೈಗೆ ಸಿಕ್ಕ ಕ್ಯಾಮೆರಾ ಹಿಡಿದು 'ವೇವ್ಸ್ ಆಫ್ ರೆವಲ್ಯೂಷನ್' ಮಾಡಿದ್ದರು. ತುರ್ತು ಪರಿಸ್ಥಿತಿ ಬಂದ ಮೇಲೆ ಅದನ್ನು ಬಹಿರಂಗವಾಗಿ ತೋರಿಸುವ ಹಾಗಿರಲಿಲ್ಲ. ಪ್ರಿಂಟನ್ನು ತುಂಡು ತುಂಡು ಮಾಡಿ ಕದ್ದುಮುಚ್ಚಿ ಹೊರದೇಶಕ್ಕೆ ಸಾಗಿಸಿ, ಅಲ್ಲಿ ಮತ್ತೆ ಜೋಡಿಸಿದರು. ಕೆನಡಾದಲ್ಲಿ ಕೂತವರು ಅದನ್ನು ನೋಡಿದರು. ಮಾವನ ಡಬ್ಬಿಗೆ ಅದು ಬರಲೇ ಇಲ್ಲ. ಮಾವ ಈಗಿಲ್ಲ, ಇದ್ದಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ತೋರಿಸುತ್ತಿದ್ದೆ.