ಹಾರ್ನ್ ಒತ್ತುವವಳ ಶನಿವಾರ

ಕೆನಡಾದಲ್ಲಿ ಮಗುವನ್ನು ಐಸ್ ಹಾಕಿಗೆ ಸೇರಿಸಿದರೆ ಮನೆಯ ದೊಡ್ಡವರಿಗೂ ಒಂದು ಕೆಲಸ ಗಂಟುಬೀಳುತ್ತದೆ. ಸ್ಕೇಟಿಂಗ್ ಬಲ್ಲವರು ಕೋಚ್ ಆಗುತ್ತಾರೆ. ಲೆಕ್ಕಪತ್ರದಲ್ಲಿ ಚುರುಕಾದವರು ತಂಡದ ಮ್ಯಾನೇಜರ್ ಆಗಿ ವಾರವಿಡೀ ಇಮೇಲ್ ಬರೆಯುತ್ತಾರೆ. ಮಂಜುಗಡ್ಡೆಯ ಮೇಲೆ ನೆಟ್ಟಗೆ ನಿಲ್ಲಲೂ ಬಾರದ ನನ್ನಂಥವರ ಪಾಲಿಗೆ ಉಳಿಯುವುದು ಟೈಮ್‌ಕೀಪರ್ ಕುರ್ಚಿ. ತಪ್ಪು ಮಾಡಿದ ಆಟಗಾರರನ್ನು ಕೂರಿಸುವ ಎರಡು ಪೆನಾಲ್ಟಿ ಬಾಕ್ಸ್‌ಗಳ ನಡುವೆ ಗಾಜಿನ ಹಿಂದೆ ಕೂತು ಗಡಿಯಾರ ನಡೆಸಬೇಕು, ಗೋಲು ಬರೆದುಕೊಳ್ಳಬೇಕು, ಹಾರ್ನ್ ಒತ್ತಬೇಕು. ಜನವರಿಯ ಒಂದು ಶನಿವಾರ ಬರಬೇಕಾದವರು ಜ್ವರವೆಂದು ಮಲಗಿದರು. ಹಾಗಾಗಿ ಬೆಳಗ್ಗೆ ಆರು ವರ್ಷದ ಪುಟಾಣಿಗಳಿಂದ ಹಿಡಿದು ರಾತ್ರಿ ಹದಿನೇಳರ ಹುಡುಗರವರೆಗೆ ಎಲ್ಲ ವಯಸ್ಸಿನ ಆಟವೂ ನನ್ನ ಕಣ್ಣ ಮುಂದೆಯೇ ನಡೆಯಿತು.

ನಮ್ಮದು ಹೌಸ್ ಲೀಗ್. ಇಲ್ಲಿ ಮಕ್ಕಳ ಹಾಕಿಗೆ ಎರಡು ದಾರಿಗಳಿವೆ. ಆಯ್ಕೆ ಪರೀಕ್ಷೆ ದಾಟಿ ಊರೂರು ಸುತ್ತುವ ರೆಪ್ ತಂಡಗಳದ್ದು ಒಂದು, ಹೆಸರು ಕೊಟ್ಟವರನ್ನೆಲ್ಲ ಆಡಿಸುವ ಹೌಸ್ ಲೀಗ್ ಇನ್ನೊಂದು. ಹೌಸ್ ಲೀಗಿನಲ್ಲೂ ಆರಂಭದಲ್ಲಿ ಮಕ್ಕಳನ್ನು ಸ್ಕೇಟ್ ಮಾಡಿಸಿ ನೋಡುತ್ತಾರೆ. ಅದು ಯಾರನ್ನೂ ಕೈಬಿಡುವುದಕ್ಕಲ್ಲ, ಚೆನ್ನಾಗಿ ಆಡುವವರೆಲ್ಲ ಒಂದೇ ತಂಡಕ್ಕೆ ಬೀಳದಂತೆ ಹಂಚುವುದಕ್ಕೆ. "ಹಾಗಾದರೆ ಇದು ಎರಡನೇ ದರ್ಜೆಯದು ತಾನೇ?" ಎಂದು ಪರಿಚಯದವರು ಕೇಳುವುದುಂಟು. ಆ ದಿನ ಪೂರ್ತಿ ಕೂತು ನೋಡಿದ ಮೇಲೆ ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಮೊದಲ ಸರದಿ ಯು-7, ಅಂದರೆ ಏಳರೊಳಗಿನ ಮಕ್ಕಳದು. ರಿಂಕ್, ಅಂದರೆ ಮಂಜುಗಡ್ಡೆಯ ಅಂಗಳ, 200 ಅಡಿ ಉದ್ದ, 85 ಅಡಿ ಅಗಲ. ಆರು ವರ್ಷದ ಮಗು ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಆಟ ಇನ್ನೆಲ್ಲೋ ಹೋಗಿರುತ್ತದೆ. ಅದಕ್ಕೇ ಸ್ಪಂಜಿನ ದಿಮ್ಮಿಗಳನ್ನು ಅಡ್ಡಲಾಗಿ ಜೋಡಿಸಿ ಅಂಗಳವನ್ನು ತುಂಡು ಮಾಡುತ್ತಾರೆ. ದೊಡ್ಡವರ ಅಗಲವೇ ಇವರಿಗೆ ಉದ್ದ. ಈ ಅಡ್ಡ ಆಟವನ್ನು ಹಾಕಿ ಕೆನಡಾ ಸಂಸ್ಥೆ 2017ರಲ್ಲಿ ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಚೆಂಡಿನ ಬದಲು ಇಲ್ಲಿ ಬಳಸುವ ಬಿಲ್ಲೆ, ಪಕ್ ಕೂಡ ಬೇರೆ. ದೊಡ್ಡವರ ಕಪ್ಪು ಪಕ್ ಸುಮಾರು 170 ಗ್ರಾಂ ತೂಗಿದರೆ ಇವರ ನೀಲಿ ಪಕ್ 113 ಗ್ರಾಂ. "ಇದು ನಿಜವಾದ ಹಾಕಿಯೇ ಅಲ್ಲ" ಎಂದು ಗೊಣಗುವ ಅಪ್ಪಂದಿರು ಈಗಲೂ ಇದ್ದಾರೆ. ಆದರೆ ಪೂರ್ತಿ ಅಂಗಳ ಕೊಟ್ಟು ನೋಡಿ: ವೇಗವಾಗಿ ಜಾರಬಲ್ಲ ಒಬ್ಬ ಮಗು ಆಡುತ್ತದೆ, ಉಳಿದವರು ಅದರ ಬೆನ್ನು ನೋಡುತ್ತಾರೆ. ಅಂಗಳ ಚಿಕ್ಕದಾದಷ್ಟೂ ಪಕ್ ಹೆಚ್ಚು ಮಕ್ಕಳ ಕೋಲಿಗೆ ತಾಗುತ್ತದೆ.

ಇವರಲ್ಲಿ ಕಾಯಂ ಗೋಲಿ, ಅಂದರೆ ಗೋಲ್‌ಕೀಪರ್, ಎಂಬುವರಿಲ್ಲ. ಸರದಿಯ ಮೇಲೆ ಒಬ್ಬೊಬ್ಬರಿಗೆ ಕಾಲಿನ ಪ್ಯಾಡು ಕಟ್ಟುತ್ತಾರೆ. ಅಂದು ಒಂದು ತಂಡದ ಗೋಲಿಯಾಗಿದ್ದ ಹುಡುಗಿಗೆ ಪ್ಯಾಡು ತೊಡೆ ದಾಟಿ ಸೊಂಟದ ತನಕ ಬರುತ್ತಿತ್ತು. ಅವಳಿಗೆ ಆಟಕ್ಕಿಂತ ಸ್ಕೇಟಿನ ಅಲಗು ಕೆರೆದು ಎಬ್ಬಿಸಿದ ಹಿಮದ ಪುಡಿಯಲ್ಲಿ ಹೆಚ್ಚು ಆಸಕ್ತಿ. ಅಂಗಳಕ್ಕೆ ಬೆನ್ನು ಹಾಕಿ, ಕೋಲಿನಿಂದ ಪುಡಿಯನ್ನೆಲ್ಲ ಗೋಲಿನ ಬಾಯಿಗೆ ಗುಡಿಸಿ ಗುಡ್ಡೆ ಮಾಡುತ್ತಿದ್ದಳು. ಅಷ್ಟರಲ್ಲಿ ನೀಲಿ ಪಕ್ ನಿಧಾನವಾಗಿ ಜಾರಿಬಂದು ಆ ಗುಡ್ಡೆಗೆ ಸಿಕ್ಕಿ ನಿಂತಿತು. ಅವಳ ತಂಡದವರೆಲ್ಲ ಓಡಿಬಂದು ಹೆಲ್ಮೆಟ್ ತಟ್ಟಿದರು. ಯಾಕೆ ತಟ್ಟುತ್ತಿದ್ದಾರೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ.

ಯು-7ರಲ್ಲಿ ನನ್ನ ಮುಖ್ಯ ಕೆಲಸ ಹಾರ್ನ್. ಗೋಲಿನ ಲೆಕ್ಕ ಇಡುವುದಿಲ್ಲ, ಸ್ಕೋರ್‌ಬೋರ್ಡ್ ಸೊನ್ನೆಯಲ್ಲೇ ಇರುತ್ತದೆ. ನಿಗದಿಯಾದ ಹೊತ್ತಿಗೆ ಹಾರ್ನ್ ಕೂಗಿದರೆ ಅಂಗಳದಲ್ಲಿರುವವರು ಪಕ್ ಅನ್ನು ಇದ್ದಲ್ಲೇ ಬಿಟ್ಟು ಬೆಂಚಿಗೆ ಬರಬೇಕು, ಕೂತವರು ಇಳಿಯಬೇಕು. ಚೆನ್ನಾಗಿ ಆಡುವ ಮಗು, ನಿಂತಲ್ಲೇ ಬೀಳುವ ಮಗು, ಇಬ್ಬರಿಗೂ ಸಮಪಾಲು. ಈ ಹಾರ್ನ್ ಕೆಲವೊಮ್ಮೆ ಕ್ರೂರಿ ಎನ್ನಿಸುವುದು ನಿಜ. ಅಂದು ಒಬ್ಬ ಹುಡುಗ ಎಲ್ಲರನ್ನೂ ದಾಟಿ ಗೋಲಿನ ಎದುರು ಒಬ್ಬನೇ ನಿಂತು ಕೋಲು ಎತ್ತಿದ, ಗಡಿಯಾರ ಮುಗಿಯಿತು, ನಾನು ಒತ್ತಿದೆ. ಗ್ಯಾಲರಿಯಿಂದ ಅವನ ಅಜ್ಜ ನನ್ನತ್ತ ಬೀರಿದ ನೋಟಕ್ಕೆ ಮಂಜುಗಡ್ಡೆಯೂ ಕರಗಬೇಕಿತ್ತು. ಹುಡುಗ ಮಾತ್ರ ಕೋಲು ಇಳಿಸಿ ನೇರವಾಗಿ ಬೆಂಚಿಗೆ ಬಂದ. ಬಂದದ್ದು ಎದುರಾಳಿಯ ಬೆಂಚಿಗೆ ಎಂಬುದು ಬೇರೆ ಮಾತು. ಅಲ್ಲಿದ್ದ ಕೋಚ್ ಅವನಿಗೂ ನೀರು ಕುಡಿಸಿ ಕಳಿಸಿದರು.

ಯು-9ರವರ ಬಗ್ಗೆ ಹೆಚ್ಚು ಹೇಳಲಾರೆ. ಅರ್ಧ ಅಂಗಳ, ದುಪ್ಪಟ್ಟು ಗದ್ದಲ. ಸ್ಕೋರ್‌ಬೋರ್ಡ್ ಆರಿಸಿದ್ದರೂ ಎಷ್ಟು ಗೋಲಾಯಿತು, ಯಾರು ಹೊಡೆದರು ಎಂಬುದು ಪ್ರತಿಯೊಬ್ಬರಿಗೂ ಬಾಯಿಪಾಠ.

ಮಧ್ಯಾಹ್ನ ಯು-11. ಪೂರ್ತಿ ಅಂಗಳ, ಆಫ್‌ಸೈಡು, ಐಸಿಂಗು ಎಂಬ ನಿಯಮಗಳು, ಪೆನಾಲ್ಟಿ ಎಲ್ಲ ಶುರುವಾಗುವುದು ಇಲ್ಲಿಂದ. ಹಿಂದೆ ಈ ಗುಂಪಿಗೆ ಆಟಮ್ ಎಂಬ ಹೆಸರಿತ್ತು, ಮೇಲಿನವಕ್ಕೆ ಪೀವೀ, ಬ್ಯಾಂಟಮ್, ಮಿಡ್ಜೆಟ್. ಕೊನೆಯ ಹೆಸರು ಕುಬ್ಜರನ್ನು ಹೀಯಾಳಿಸುವ ಮಾತು ಎಂಬ ಆಕ್ಷೇಪ ಬಂದು, 2020-21ರ ಸಾಲಿನಿಂದ ಎಲ್ಲವನ್ನೂ ವಯಸ್ಸಿನ ಅಂಕಿಯಿಂದಲೇ ಕರೆಯುತ್ತಾರೆ. ಹಳಬರ ಬಾಯಲ್ಲಿ ಹಳೆಯ ಹೆಸರುಗಳೇ ಇವೆ, ನನಗೆ ಅಂಕಿಯೇ ಅನುಕೂಲ.

ನನ್ನ ಮಗ ಆಡುವುದು ಈ ಗುಂಪಿನಲ್ಲಿ. ಅವನು ಹುಟ್ಟಿದ್ದು ಡಿಸೆಂಬರ್ ಕೊನೆಗೆ. ಗುಂಪು ಮಾಡುವುದು ಹುಟ್ಟಿದ ಇಸವಿ ನೋಡಿ, ಆದ್ದರಿಂದ ಅದೇ ಇಸವಿಯ ಜನವರಿಯಲ್ಲಿ ಹುಟ್ಟಿದವನು ಇವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಒಂದೇ ಸಾಲಿನಲ್ಲಿ ನಿಂತಾಗ ಇವನ ಹೆಲ್ಮೆಟ್ ಅವನ ಭುಜಕ್ಕೆ ಬರುತ್ತದೆ. ಇದು ಒಬ್ಬ ತಾಯಿಯ ಹೊಟ್ಟೆಯುರಿ ಮಾತ್ರವಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲೇ ಬರೆದರು: ಉನ್ನತ ಮಟ್ಟದ ಹಾಕಿ ಆಟಗಾರರಲ್ಲಿ ವರ್ಷದ ಆರಂಭದ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು, ಕೊನೆಯ ತಿಂಗಳುಗಳವರು ಕಡಿಮೆ. ಒಂಬತ್ತು ವರ್ಷದಲ್ಲಿ ಮೈಕಟ್ಟು ದೊಡ್ಡದಿರುವುದನ್ನೇ ಪ್ರತಿಭೆ ಎಂದುಕೊಂಡು ಆರಿಸುತ್ತಾರೆ, ಆರಿಸಿದವರಿಗೆ ಹೆಚ್ಚು ಅಭ್ಯಾಸ, ಹೆಚ್ಚು ಆಟ ಸಿಗುತ್ತದೆ, ಅವರು ನಿಜಕ್ಕೂ ಮುಂದೆ ಹೋಗುತ್ತಾರೆ. ಡಿಸೆಂಬರಿನ ಮಕ್ಕಳು ಬೆಳೆಯುವವರೆಗೂ ಆಟ ಬಿಡದಂತೆ ಹಿಡಿದಿಟ್ಟುಕೊಳ್ಳುವ ಜಾಗವೆಂದರೆ ಈ 'ಎರಡನೇ ದರ್ಜೆ'ಯ ಲೀಗೇ.

ಆ ಪಂದ್ಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ರೆಫ್ರಿಯ ತೋಳಿನಲ್ಲಿ ಹಸಿರು ಪಟ್ಟಿ ಇತ್ತು. ಹದಿನೆಂಟು ತುಂಬದ ರೆಫ್ರಿಗಳಿಗೆ ಅದನ್ನು ಕಟ್ಟುವುದು ಪ್ರೇಕ್ಷಕರಿಗೆ ನೆನಪಿರಲಿ ಎಂದು: ನೀವು ಬೈಯುತ್ತಿರುವುದು ಒಬ್ಬ ಮಗುವನ್ನು. ಈ ಹುಡುಗನಿಗೆ ಮೀಸೆ ಈಗ ಮೊಳೆಯುತ್ತಿತ್ತು. ಎದುರಾಳಿಯನ್ನು ತೊಡರಿಸಿ ಬೀಳಿಸಿದ್ದಕ್ಕೆ ಟ್ರಿಪ್ಪಿಂಗ್ ಪೆನಾಲ್ಟಿ ಕೊಟ್ಟದ್ದೇ ತಡ, ಗ್ಯಾಲರಿಯಲ್ಲಿದ್ದ ಒಬ್ಬರು ಗಾಜಿಗೆ ಗುದ್ದಿ, ಕಣ್ಣು ಕಾಣುವುದಿಲ್ಲವೇ ಎಂದು ಕೂಗಾಡಿದರು. ಹುಡುಗ ನನ್ನ ಬಳಿ ಬಂದು ಗಡಿಯಾರ ನಿಲ್ಲಿಸಲು ಹೇಳಿದ. ಧ್ವನಿ ನಡುಗುತ್ತಿತ್ತು, ಆದರೆ ಹೇಳಿದ. ನಂತರ ಆ ತಂಡದ ಕೋಚ್ ಬಳಿ ಹೋಗಿ, "ಅವರು ಹೊರಗೆ ಹೋಗುವವರೆಗೆ ಆಟ ಇಲ್ಲ" ಎಂದ. ಹತ್ತು ವರ್ಷದ ಮಕ್ಕಳೆಲ್ಲ ಕೋಲಿಗೆ ಒರಗಿ ನಿಂತು, ದೊಡ್ಡವರೊಬ್ಬರು ಮೆಟ್ಟಿಲು ಹತ್ತಿ ಹೊರಹೋಗುವುದನ್ನು ನೋಡಿದರು. ಒಂಟಾರಿಯೊ ಪ್ರಾಂತ್ಯದಲ್ಲಿ ಆಡುವ ಮಗುವಿನ ಮನೆಯಿಂದ ಒಬ್ಬರಾದರೂ ಗೌರವದ ನಡವಳಿಕೆಯ ಆನ್‌ಲೈನ್ ಪಾಠ ಮುಗಿಸಬೇಕೆಂಬ ನಿಯಮವಿದೆ. ಇವರ ಮನೆಯಲ್ಲಿ ಅದನ್ನು ಬಹುಶಃ ಹೆಂಡತಿ ಮುಗಿಸಿದ್ದರು.

ಯು-13, ಯು-15ರ ಪಂದ್ಯಗಳಲ್ಲಿ ನನಗೆ ಕಂಡದ್ದು ಮುಖ್ಯವಾಗಿ ವೇಗ. ಮೈಯಿಂದ ಮೈಗೆ ಗುದ್ದಿ ಪಕ್ ಕಸಿಯುವ ಬಾಡಿ ಚೆಕಿಂಗ್ ನಮ್ಮ ಹೌಸ್ ಲೀಗಿನ ಯಾವ ವಯಸ್ಸಿನಲ್ಲೂ ಇಲ್ಲ. ರೆಪ್ ತಂಡಗಳಲ್ಲೂ ಯು-13 ಮತ್ತು ಕೆಳಗಿನವರಿಗೆ ಹಾಕಿ ಕೆನಡಾ 2013ರಲ್ಲೇ ಅದನ್ನು ನಿಷೇಧಿಸಿತು. ತಲೆಪೆಟ್ಟಿನ ಭಯವೇ ಕಾರಣ. ಎಷ್ಟೋ ಜೆರ್ಸಿಗಳ ಬೆನ್ನ ಮೇಲೆ ಕೆಂಪು ಎಂಟು ಮೂಲೆಯ 'ಸ್ಟಾಪ್' ಚಿಹ್ನೆ ಹೊಲಿದಿರುತ್ತದೆ. ಹಿಂದಿನಿಂದ ದೂಡಲು ಬರುವವನಿಗೆ ಕಾಣಲಿ ಎಂದು.

ರಾತ್ರಿಯ ಕೊನೆಯ ಪಂದ್ಯ ಯು-18. ಜಾಂಬೋನಿ ಯಂತ್ರ ಅಂಗಳ ನುಣುಪು ಮಾಡಿ ಹೊರಟಾಗ ಗ್ಯಾಲರಿ ಬಹುಪಾಲು ಖಾಲಿ. ಈ ವಯಸ್ಸಿನ ಹಲವರು ತಾವೇ ಕಾರು ಓಡಿಸಿಕೊಂಡು ಬರುತ್ತಾರೆ, ಅಪ್ಪ ಅಮ್ಮಂದಿರು ಬರುವುದು ನಿಂತಿರುತ್ತದೆ. ಒಬ್ಬ ಅಂಗಡಿಯ ಕೆಲಸ ಮುಗಿಸಿ ಅದೇ ಸಮವಸ್ತ್ರದಲ್ಲಿ, ಬೆವರುನಾತದ ದೊಡ್ಡ ಚೀಲ ಹೊತ್ತು ಓಡಿಬಂದ. ಇವರಲ್ಲಿ ಯಾರನ್ನೂ ಯಾವ ದೊಡ್ಡ ತಂಡವೂ ಕರೆಯುವುದಿಲ್ಲ, ಅದು ಅವರಿಗೆ ಎಂದೋ ಗೊತ್ತಾಗಿದೆ. ಹದಿಮೂರು ದಾಟುತ್ತಿದ್ದಂತೆ ಮಕ್ಕಳು ಒಬ್ಬೊಬ್ಬರಾಗಿ ಆಟ ಬಿಡುವುದನ್ನು ಕಂಡಿದ್ದೇನೆ, ಇವರು ಬಿಟ್ಟಿಲ್ಲ. ಲೀಗ್ ಒಂದು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಈ ಹೊತ್ತಿನ ಬೆಂಚಿನಲ್ಲಿ ಎಷ್ಟು ಜನ ಕೂತಿದ್ದಾರೆ ಎಂದು ನೋಡಿದರೆ ಸಾಕು ಎಂದು ನನಗೆ ಅನ್ನಿಸುತ್ತದೆ. ಎರಡೂ ಬೆಂಚುಗಳು ತುಂಬಿದ್ದವು.

ಪಂದ್ಯ ಮುಗಿದು ನಾನು ಹಾಳೆಗೆ ಸಹಿ ಹಾಕಿಸುತ್ತಿದ್ದಾಗ ಸಮವಸ್ತ್ರದ ಹುಡುಗ ಗಾಜಿನ ಕಿಂಡಿಯ ಬಳಿ ಬಂದ. ಮೂರನೇ ಗೋಲಿಗೆ ಪಕ್ ಒದಗಿಸಿದ ಲೆಕ್ಕ, ಅಸಿಸ್ಟ್, ಜೆರ್ಸಿ ಸಂಖ್ಯೆ 14ರ ಹೆಸರಿಗೆ ಹೋಗಿದೆ, ಪಕ್ ಕೊಟ್ಟವನು ತಾನು, 17, ಎಂದು ತಕರಾರು. ರೆಫ್ರಿ ಹೇಳದೆ ತಿದ್ದಲಾರೆ ಎಂದೆ. ಅವನು ಹೋಗಿ ರೆಫ್ರಿಯನ್ನು ಕರೆತಂದ, ಹಿಂದೆಯೇ 14 ಬಂದ, ಗೋಲು ತಿಂದ ಗೋಲಿಯೂ ಹೆಲ್ಮೆಟ್ ಕಳಚಿಕೊಂಡು ಸಾಕ್ಷಿ ಹೇಳಲು ಬಂದ. ಪಕ್ ಇಬ್ಬರದೂ ಅಲ್ಲ, ನಿಮ್ಮ ಸ್ಕೇಟಿಗೆ ತಾಗಿ ತಿರುಗಿತು ಎಂದು ಅವನು ರೆಫ್ರಿಯ ಕಾಲು ತೋರಿಸಿದ. ಐದು ನಿಮಿಷ ವಾದ ನಡೆಯಿತು. ಕೊನೆಗೆ ರೆಫ್ರಿ ಇಬ್ಬರ ಸಂಖ್ಯೆಯನ್ನೂ ಬರೆಯಿರಿ ಎಂದರು. ಬರೆದೆ. ಹಾಳೆ ಸರಿಯಾಗಿದೆಯೇ ಎಂದು ಗಾಜಿಗೆ ಮೂಗು ಒತ್ತಿ ಓದಿ ನೋಡಿಯೇ 17 ಹೊರಟ.