ಪಿಕ್ಕರ್ ಸಂಬಳಕ್ಕೆ ರೀಚ್ ಟ್ರಕ್ ಓಡಿಸಬೇಡಿ

ಹೊಸಕೋಟೆ ಕಡೆಯ ವೇರ್‌ಹೌಸ್ ಒಂದರಲ್ಲಿ ನಾನು ನೈಟ್ ಶಿಫ್ಟ್ ಇನ್‌ಚಾರ್ಜ್ ಆಗಿದ್ದೆ. ದೀಪಾವಳಿ ಪೀಕ್. ಎತ್ತರದ ರ‍್ಯಾಕಿಗೆ ಸರಕು ಎತ್ತಿಡುವ ಗಾಡಿಯ, ಅಂದರೆ ರೀಚ್ ಟ್ರಕ್‌ನ, ಆಪರೇಟರ್ ಬಂದಿರಲಿಲ್ಲ. ಅಂಥ ದಿನಗಳಲ್ಲಿ ಕೊಪ್ಪಳದ ಹುಡುಗನೊಬ್ಬನನ್ನು ಗಾಡಿ ಮೇಲೆ ಕೂರಿಸುವುದು ಮಾಮೂಲಿಯಾಗಿತ್ತು. ಅವನು ಸೇರಿದ್ದು ಪಿಕ್ಕರ್ ಆಗಿ, ಅಂದರೆ ಆರ್ಡರ್‌ಗೆ ತಕ್ಕ ಸಾಮಾನು ಆಯ್ದು ತೆಗೆಯುವ ಕೆಲಸಕ್ಕೆ. ರೋಸ್ಟರ್‌ನಲ್ಲಿ ಮ್ಯಾನೇಜರೇ ಅವನ ಹೆಸರನ್ನು ಎಂಎಚ್‌ಇ (ಸರಕು ಎತ್ತುವ ಗಾಡಿಗಳು) ಎದುರು ಬರೆಯುತ್ತಿದ್ದರು, ಸಂಬಳ ಮಾತ್ರ ಪಿಕ್ಕರ್‌ದೇ.

ಅವತ್ತು ಅವನು ಅಡುಗೆ ಎಣ್ಣೆಯ ಬಾಕ್ಸ್‌ಗಳನ್ನು ಪೇರಿಸಿದ ಪ್ಯಾಲೆಟ್ ಅನ್ನು ಮೇಲಿನ ಲೆವೆಲ್‌ಗೆ ಇಡುವಾಗ ಅದರ ಮೂಲೆ ರ‍್ಯಾಕಿನ ಕಂಬಕ್ಕೆ ತಗುಲಿ ಸಿಕ್ಕಿಕೊಂಡಿತು. ಅರ್ಧ ರ‍್ಯಾಕಿನ ಬೀಮ್ ಮೇಲೆ, ಅರ್ಧ ಗಾಡಿಯ ಫೋರ್ಕ್ ಮೇಲೆ. ಶ್ರಿಂಕ್ ರ‍್ಯಾಪ್ ಹಿಗ್ಗಿ ಒಂದು ಬಾಕ್ಸ್ ಹೊರಗೆ ವಾಲಿತ್ತು. ಕೆಳಗೆ ಇಬ್ಬರು ಸ್ಕ್ಯಾನ್ ಮಾಡುತ್ತಿದ್ದರು. ‘ಐಲ್ ಖಾಲಿ ಮಾಡ್ರೋ’ ಎಂದು ಕೂಗಿ ಅವರನ್ನು ಎಳೆದೆವು.

‘ಸರ್, ಇಳಸ್ಲೇನ್ರೀ?’

‘ಬೇಡ. ಏನೂ ಮುಟ್ಟಬೇಡ.’

ಇಳಿಸಿದ್ದರೆ ಪ್ಯಾಲೆಟ್ ವಾಲಿ ಕೆಳಗೆ ಬೀಳಬಹುದಿತ್ತು. ಪಕ್ಕದ ಬಿಲ್ಡಿಂಗ್‌ನ ಆಪರೇಟರ್ ಓಡಿ ಬರುವ ತನಕ ಅವನು ಲಿವರ್ ಮೇಲಿನ ಕೈ ಅಲುಗಿಸದೆ ಕತ್ತೆತ್ತಿ ನೋಡುತ್ತ ಕೂತಿದ್ದ. ಬಂದವರು ಗಾಡಿ ಪಕ್ಕ ನಿಂತು ಮೆಲ್ಲಗೆ ಹೇಳಿಕೊಟ್ಟರು: ‘ಒಂದಿಂಚು ಎತ್ತು. ಸೈಡ್ ಶಿಫ್ಟ್ ಎಡಕ್ಕೆ. ಸಾಕು. ಈಗ ಮಾಸ್ಟ್ ಹಿಂದಕ್ಕೆ ತಗೋ.’ ಹುಡುಗ ಹಾಗೇ ಮಾಡಿದ. ಒಂದು ಬಾಕ್ಸೂ ಬೀಳಲಿಲ್ಲ. ಆ ಕೈಗೆ ಕೆಲಸ ಗೊತ್ತಿತ್ತು, ಗೊತ್ತಿದೆ ಎನ್ನಲು ಕಾಗದ ಇರಲಿಲ್ಲ.

ಘಟನೆಯ ಮೂಲ ಕಾರಣ ಹುಡುಕುವ ವರದಿಯಲ್ಲಿ (ಆರ್‌ಸಿಎ) ಕಾರಣ ‘ಅನುಮತಿಯಿಲ್ಲದೆ ಚಾಲನೆ’ ಎಂದಾಯಿತು. ಮರುದಿನ ಗೇಟ್‌ನಲ್ಲಿ ಅವನ ಐಡಿ ಬ್ಲಾಕ್. ರೋಸ್ಟರ್ ಅಟ್ಯಾಚ್ ಮಾಡಿ ನಾನು ಮೇಲ್ ಹಾಕಿದೆ. ‘ಅವನು ವೆಂಡರ್ ರೋಲ್, ನಮಗೆ ಸಂಬಂಧವಿಲ್ಲ’ ಎಂಬ ಉತ್ತರ ಬಂತು. ವೆಂಡರ್ ಎಂದರೆ ಆಳುಗಳನ್ನು ಒದಗಿಸುವ ಗುತ್ತಿಗೆದಾರ. ಟಾರ್ಗೆಟ್ ಹಾಕುವಾಗ ನಮ್ಮವನು, ಐಡಿ ಕಿತ್ತುಕೊಳ್ಳುವಾಗ ವೆಂಡರ್‌ನವನು. ಇದು ಅನ್ಯಾಯ, ಬೇರೆ ಮಾತಿಲ್ಲ.

ಈ ಲೈನಿನಲ್ಲಿ ಮೇಲೆ ಹೋಗಲು ದಾರಿ ಇಲ್ಲವೆಂದಲ್ಲ. ಗಾಡಿ ಓಡಿಸಲು ಬಂದರೆ, ಜಿಆರ್‌ಎನ್ (ಬಂದ ಸರಕಿನ ದಾಖಲೆ), ಇನ್ವೆಂಟರಿ ಕಲಿತರೆ ಒಳ್ಳೆಯ ಕೆಲಸ ಸಿಗುತ್ತದೆ. ಆದರೆ ವೆಂಡರ್ ಬದಲಾದಾಗಲೆಲ್ಲ ಜಾಯಿನಿಂಗ್ ಡೇಟ್ ಹೊಸದು, ಅನುಭವ ಸೊನ್ನೆ. ಪಿಎಫ್ ಖಾತೆಯ ಯುಎಎನ್ ನಂಬರ್ ಒಂದೇ ಹಳೆಯದಾಗಿ ಉಳಿಯುತ್ತದೆ, ಅದನ್ನು ಬಿಡಬೇಡಿ, ಎರಡನೆಯದು ಮಾಡಿಸಲು ಬಿಡಬೇಡಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಎಂದಿದೆ, ಪೇ ಸ್ಲಿಪ್‌ನಲ್ಲಿ ಹುಡುಕಿ ನೋಡಿ. ಗಾಡಿ ಹತ್ತು ಎಂದರೆ ಮೊದಲು ಟ್ರೈನಿಂಗ್, ಸರ್ಟಿಫಿಕೇಟ್, ಆಪರೇಟರ್ ಎಂದು ಬರೆದ ಲೆಟರ್ ಕೇಳಿ. ಫ್ಲೋರ್‌ಗೆ ಫೋನ್ ಬಿಡುವುದಿಲ್ಲ, ರೋಸ್ಟರ್ ಫೋಟೊ ಕೂಡ ನಿಮ್ಮ ಬಳಿ ಉಳಿಯುವುದಿಲ್ಲ.

ಆ ಹುಡುಗ ಈಗ ದಾಬಸ್‌ಪೇಟೆ ಕಡೆ ಇದ್ದಾನೆ. ಸರ್ಟಿಫಿಕೇಟ್ ಇಲ್ಲವೆಂದು ಮತ್ತೆ ಪಿಕ್ಕರ್ ಆಗಿಯೇ ತೆಗೆದುಕೊಂಡರು. ಆಪರೇಟರ್ ಬರದ ದಿನ ಅಲ್ಲೂ ಇವನನ್ನೇ ಕರೆಯುತ್ತಾರಂತೆ.