ಘಾಟಿಯಲ್ಲಿ ಬಿಸಿಯೋ, ಜಾಮಿನಲ್ಲಿ ಬಿಸಿಯೋ?

ಎಂಜಿನ್ ಹೀಟಾಗುತ್ತದೆ ಎಂದು ಕಾರು ತಂದು ನಿಲ್ಲಿಸಿದ ಕೂಡಲೇ ರೇಡಿಯೇಟರ್ ಬಿಚ್ಚುವ ಅಭ್ಯಾಸ ನಮ್ಮ ಕಡೆ ಬೇಕಾದಷ್ಟಿದೆ. ಸ್ಪಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಹೀಟಾದದ್ದು ಎಲ್ಲಿ? ಕಾಸರಗೋಡು ಪೇಟೆಯ ಜಾಮಿನಲ್ಲೋ, ಕುಂಬಳೆಯಿಂದ ತಲಪಾಡಿಗೆ ಹೈವೇಯಲ್ಲಿ ಓಡುವಾಗಲೋ, ಜಾಲ್ಸೂರು ದಾಟಿ ಸಂಪಾಜೆ ಘಾಟಿ ಏರುವಾಗಲೋ?

ಜಾಮಿನಲ್ಲಿ ನಿಂತಾಗ ಬಿಸಿ ತೋರಿಸುವ ಮೀಟರಿನ ಮುಳ್ಳು ಏರಿ, ಜಾಮು ಬಿಟ್ಟು ಓಡತೊಡಗಿದ ಮೇಲೆ ಇಳಿಯುತ್ತದಾದರೆ ಸಂಶಯ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ಹೈವೇಯಲ್ಲಿ ವೇಗ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದಾದರೆ ತಡೆ ಇರುವುದು ನೀರಿನ ಓಟದಲ್ಲಿ. ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಪೂರ್ತಿ ತೆರೆಯುತ್ತಿಲ್ಲ, ರೇಡಿಯೇಟರಿನ ಒಳಗಿನ ಕೊಳವೆ ಕಟ್ಟಿದೆ, ಪಂಪಿನೊಳಗೆ ನೀರು ತಳ್ಳುವ ಇಂಪೆಲ್ಲರ್ ಸವೆದಿದೆ, ಅಥವಾ ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿದೆ. ಘಾಟಿಯಲ್ಲಿ ಇದೆಲ್ಲವೂ ಒಟ್ಟಿಗೆ ಪರೀಕ್ಷೆಗೆ ಬೀಳುತ್ತದೆ. ಸೆಕೆಂಡ್ ಗೇರಿನಲ್ಲಿ ಎಂಜಿನ್ ಮೈಮುರಿದು ದುಡಿಯುತ್ತದೆ, ಗಾಡಿಯ ವೇಗ ಕಡಿಮೆ, ಸಾಲದ್ದಕ್ಕೆ ರೇಡಿಯೇಟರಿನ ಎದುರಿರುವ ಎ.ಸಿ. ಕಂಡೆನ್ಸರಿನ ಬಿಸಿಗಾಳಿಯೂ ರೇಡಿಯೇಟರಿಗೇ ಬಡಿಯುತ್ತದೆ. ಊರಿನೊಳಗೆ ಹೇಗೋ ಸುಧಾರಿಸಿಕೊಂಡಿದ್ದ ಅರೆಕಟ್ಟಿದ ರೇಡಿಯೇಟರ್ ಕೈಕೊಡುವುದು ಅಲ್ಲಿ.

ಪರೀಕ್ಷೆಯನ್ನು ರಾತ್ರಿಯಿಡೀ ನಿಂತು ತಣಿದ ಎಂಜಿನಿನಲ್ಲೇ ಶುರುಮಾಡಬೇಕು. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಬಾರದು, ಬಟ್ಟೆ ಸುತ್ತಿಕೊಂಡರೂ ಬೇಡ. 0.9 ಬಾರ್ ಒತ್ತಡದ ಮುಚ್ಚಳದ ಕೆಳಗೆ ಬರೀ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ತೆರೆದ ಕ್ಷಣ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಈ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹಣ ಖರ್ಚಿಲ್ಲದೆ ಮೊದಲು ನೋಡಬೇಕಾದದ್ದು ಇದನ್ನೇ. ಒತ್ತಡ ಹಿಡಿಯದಿದ್ದರೆ ನೀರು 100 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯ ಎತ್ತರದಲ್ಲಾದರೆ ಸುಮಾರು 96ಕ್ಕೆ. ಫ್ಯಾನ್ ತಿರುಗತೊಡಗುವುದೇ ಹೆಚ್ಚುಕಡಿಮೆ ಆ ಬಿಸಿಯಲ್ಲಿ. ಮುಚ್ಚಳ ತಿರುಗಿಸಿ ಹಿಡಿದು ನೋಡಿ. ದೊಡ್ಡ ರಬ್ಬರ್ ವಾಶರಿನಲ್ಲಿ ರೇಡಿಯೇಟರಿನ ಬಾಯಿ ಕೂತು ಆಳವಾದ ಗೆರೆ ಬಿದ್ದಿದ್ದರೆ, ಉಗುರಿಗೆ ರಬ್ಬರ್ ಗಟ್ಟಿಯಾಗಿ ಸಿಕ್ಕಿದರೆ ಬದಲಿಸಿ. ನಡುವೆ ಒಂದು ಸಣ್ಣ ತಟ್ಟೆಯಂಥ ವಾಲ್ವ್ ಇದೆ. ಅದನ್ನು ಉಗುರಿನಿಂದ ಎಳೆದು ಬಿಟ್ಟರೆ ಟಕ್ಕನೆ ಹಿಂದೆ ಕೂರಬೇಕು. ಎಂಜಿನ್ ತಣಿಯುವಾಗ ರಿಸರ್ವ್ ಡಬ್ಬಿಯಿಂದ ನೀರು ಹಿಂದಕ್ಕೆ ಹೋಗುವುದು ಅದರ ಮೂಲಕ. ಅದು ಅಂಟಿಕೊಂಡರೆ ಬೆಳಿಗ್ಗೆ ಡಬ್ಬಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ, ಮೇಲಿನ ಹೋಸ್ ಒಳಗೆ ಹೀರಿಕೊಂಡು ಚಪ್ಪಟೆಯಾಗಿರುತ್ತದೆ. ಡಬ್ಬಿ ಮಾತ್ರ ನೋಡಿ 'ನೀರುಂಟು' ಎಂದು ಹೊರಡುವವರು ದಾರಿಯಲ್ಲಿ ನಿಲ್ಲುವುದು ಹೀಗೆ. ಹೊಸ ಮುಚ್ಚಳ ತರುವಾಗ ಹಳೆಯದರ ಮೇಲೆ ಬರೆದ ಅಂಕಿಯನ್ನೇ ನೋಡಿ ತನ್ನಿ. ಹೆಚ್ಚಿನ ಒತ್ತಡದ್ದು ಹಾಕಿದರೆ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಸೇರುವ ಅಂಚೇ ಸೋರತೊಡಗಬಹುದು.

ನೀರು ಕಡಿಮೆಯಾಗುತ್ತಿದ್ದರೆ ಅದು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ಕೂಲೆಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ಬಣ್ಣದ ದ್ರವ) ಸೋರಿ ಒಣಗಿದಲ್ಲಿ ಹಸಿರೋ ಗುಲಾಬಿಯೋ ಬಣ್ಣದ ಹಕ್ಕಳೆ ಉಳಿಯುತ್ತದೆ. ಹೋಸ್ ಕ್ಲಿಪ್ಪುಗಳ ಬುಡ, ರೇಡಿಯೇಟರ್ ತೊಟ್ಟಿಯ ಅಂಚು, ಥರ್ಮೋಸ್ಟಾಟ್ ಮನೆಯ ಸುತ್ತ ಟಾರ್ಚ್ ಹಾಕಿ ನೋಡಿ. ನೀರಿನ ಪಂಪಿನ ಮೈಯಲ್ಲಿ ಸಣ್ಣ ಕಿಂಡಿಯೊಂದಿದೆ. ಒಳಗಿನ ಸೀಲ್ ಹೋದರೆ ತಿಳಿಯಲಿ ಎಂದೇ ಅದನ್ನು ಬಿಟ್ಟಿರುವುದು. ಅದರ ಕೆಳಗೆ ಕಲೆ ಹರಿದಿದ್ದರೆ ಪಂಪಿನ ಕಾಲ ಮುಗಿಯಿತು, ಆ ಕಿಂಡಿಗೆ ಎಂ-ಸೀಲ್ ಮೆತ್ತುವುದು ಮೂರ್ಖತನ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟ್ ಬದಲಿಸುವಾಗ ಅದನ್ನೂ ಬದಲಿಸಿಬಿಡಿ, ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ. ಹೊರಗೆಲ್ಲೂ ಕಾಣದೆ, ಮುಂದಿನ ಸೀಟಿನ ಕಾಲಡಿ ಒದ್ದೆಯಾಗಿ, ಗಾಜಿನ ಒಳಮೈಗೆ ಜಿಡ್ಡು ಮಂಜು ಹಿಡಿದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರ್) ಸೋರುತ್ತಿದೆ. ಕೈಪಂಪಿನ ಪ್ರೆಶರ್ ಟೆಸ್ಟರ್ ಇದ್ದರೆ ಮುಚ್ಚಳದ ಮೇಲಿರುವಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡಿ. ಮುಳ್ಳು ಇಳಿದರೆ ಸೋರಿಕೆ ಇದೆ. ಅರಸಿನ ಹುಡಿ ಹಾಕಿ ತೂತು ಮುಚ್ಚುವ ಹಳೆಯ ಉಪಾಯ ಮನೆ ತಲುಪಲು ಸಾಕಾಗಬಹುದು. ಆಮೇಲೆ ಆ ಹುಡಿ ಹೀಟರ್ ಕೋರಿನ ಸಪೂರ ಕೊಳವೆಗಳಲ್ಲೂ ಕೂರುತ್ತದೆ.

ಇನ್ನು ಎಂಜಿನ್ ಸ್ಟಾರ್ಟ್ ಮಾಡಿ. ಮೇಲಿನ ಹೋಸ್ ಮೊದಲು ತಣ್ಣಗಿದ್ದು, ಎಂಜಿನ್ 82ರಿಂದ 88 ಡಿಗ್ರಿ ತಲುಪಿ ಥರ್ಮೋಸ್ಟಾಟ್ ತೆರೆದಾಗ ಒಮ್ಮೆಲೇ ಬಿಸಿಯಾಗಬೇಕು. ಹೆಚ್ಚಿನ ಕಾರುಗಳಲ್ಲಿ ಜೋಡಣೆ ಹೀಗೇ. ಮುಳ್ಳು ಕೆಂಪಿಗೆ ಹತ್ತಿರ ಬಂದರೂ ರೇಡಿಯೇಟರ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಯೇ ಇದೆ, ಇಲ್ಲವೇ ಗಾಳಿ ಕಟ್ಟಿಕೊಂಡಿದೆ. ಥರ್ಮೋಸ್ಟಾಟನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ತಳ ಮುಟ್ಟದ ಹಾಗೆ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. 82 ಎಂದು ಬರೆದದ್ದು ಅದರ ಆಸುಪಾಸಿನಲ್ಲೇ ಬಾಯಿ ಬಿಡಬೇಕು, 95ರ ಹೊತ್ತಿಗೆ ಸುಮಾರು 8 ಮಿಲಿಮೀಟರ್ ತೆರೆದಿರಬೇಕು.

ಥರ್ಮೋಸ್ಟಾಟ್ ಕಿತ್ತು ಬಿಸಾಡಿ 'ನಮ್ಮ ಸೆಕೆಗೆ ಇದು ಬೇಡ' ಎನ್ನುವವರ ಮಾತು ಕೇಳಬೇಡಿ. ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸ್ಕ್ಯಾನರಿನಲ್ಲಿ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಕೋಡ್ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಲವು ಎಂಜಿನುಗಳಲ್ಲಿ ಥರ್ಮೋಸ್ಟಾಟಿನ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದು ಇಲ್ಲವಾದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನಿಗೇ ಮರಳುತ್ತದೆ, ಘಾಟಿಯಲ್ಲಿ ಹೀಟ್ ಮೊದಲಿಗಿಂತ ಹೆಚ್ಚುತ್ತದೆ.

ರೇಡಿಯೇಟರ್ ಕಟ್ಟಿದೆಯೋ ಎಂದು ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಬಿಸಿ ಎಂಜಿನ್ ಆಫ್ ಮಾಡಿ ಕೋರಿನ ಉದ್ದಕ್ಕೂ ಗುರಿಯಿಡುತ್ತಾ ಹೋಗಿ. ಬಿಸಿ ನಿಧಾನವಾಗಿ ಇಳಿಯುತ್ತಾ ಹೋದರೆ ಸರಿ, ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ನೀರು ಓಡುತ್ತಿಲ್ಲ. ಹೊರಗಿನ ಕಸ ಕೂರುವುದು ಹೆಚ್ಚಾಗಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ, ಎದುರಿನಿಂದ ನೋಡಿದರೆ ಕಾಣದು. ಎಂಜಿನ್ ಬದಿಯಿಂದ ಹೊರಕ್ಕೆ ಸಾದಾ ನಳ್ಳಿಯ ಒತ್ತಡದಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನಿನ ಗನ್ ಹತ್ತಿರ ಹಿಡಿದರೆ ಫಿನ್ನುಗಳು (ಕೋರಿನ ತೆಳು ತಗಡುಗಳು) ಮಡಚಿ ದಾರಿ ಇನ್ನಷ್ಟು ಮುಚ್ಚುತ್ತದೆ. ಮಂಜೇಶ್ವರ, ಉಪ್ಪಳದಂಥ ಕಡಲ ಬದಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಫಿನ್ನುಗಳೇ ಹುಡಿಯಾಗಿರುವುದುಂಟು. ಬೆರಳು ತಾಗಿಸಿದಾಗ ಉದುರಿದರೆ ತೊಳೆದು ಪ್ರಯೋಜನವಿಲ್ಲ.

ಫ್ಯಾನಿನದ್ದು ಸುಲಭ. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಹಾಕಿದ ಸ್ವಲ್ಪದರಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಫ್ಯಾನಿನ ರಿಲೇಯನ್ನು (ದೊಡ್ಡ ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಅದೇ ನಮೂನೆಯ ಹಾರ್ನ್ ರಿಲೇ ಇದ್ದರೆ ಅದರೊಂದಿಗೆ ಅದಲು ಬದಲು ಮಾಡಿ, ಕೊನೆಗೆ ಮೋಟರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ನೇರ ಕೊಟ್ಟಾಗ ತಿರುಗಿದರೆ ಮೋಟರ್ ಸರಿ, ತಪ್ಪು ವಯರಿಂಗಿನಲ್ಲಿ. ಅಡಿಕೆ, ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸುವ ಮನೆಗಳಲ್ಲಿ ಇಲಿ ಕಡಿದ ವಯರನ್ನು ಮೊದಲು ಹುಡುಕಬೇಕು. ಫ್ಯಾನನ್ನು ಇಗ್ನಿಶನ್ನಿಗೆ ಖಾಯಂ 'ಡೈರೆಕ್ಟ್' ಕೊಡುವುದು ರಿಪೇರಿಯಲ್ಲ. ರಿಲೇ ಇಲ್ಲದೆ ಕೊಟ್ಟರೆ ಸ್ವಿಚ್ಚೇ ಕರಗುತ್ತದೆ. ಪಿಕಪ್, ಜೀಪುಗಳ ವಿಸ್ಕಸ್ ಫ್ಯಾನನ್ನು (ಬಿಸಿಯಾದಾಗ ದಪ್ಪ ದ್ರವದಿಂದ ಬಿಗಿಯುವ ಕ್ಲಚ್ ಇರುವುದು) ಬಿಸಿ ಎಂಜಿನ್ ಆಫ್ ಮಾಡಿ ಕೈಯಲ್ಲಿ ತಿರುಗಿಸಿ. ಗಿರ್ರನೆ ತಿರುಗಿದರೆ ಕ್ಲಚ್ ಹೋಗಿದೆ.

ಮೀಟರನ್ನೂ ಪೂರ್ತಿ ನಂಬುವ ಹಾಗಿಲ್ಲ. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತು ಮುಳ್ಳು ಕೆಳಗಿಳಿಯುವುದುಂಟು. ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ನೀಲಿ ಕೆಂಪು ದೀಪ ಮಾತ್ರ, ಕೆಂಪು ಉರಿಯುವಾಗ ತಡವಾಗಿರುತ್ತದೆ. ಕಾರಿನ ಕಂಪ್ಯೂಟರನ್ನು ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಮೊಬೈಲಿಗೆ ಜೋಡಿಸಿದರೆ ನಿಜವಾದ ಡಿಗ್ರಿ ಕಾಣುತ್ತದೆ. ಅದರಲ್ಲಿ ಮೈನಸ್ 40 ತೋರಿಸಿದರೆ ಸೆನ್ಸರಿನ ಪ್ಲಗ್ ಕಳಚಿದೆ ಅಥವಾ ವಯರ್ ತುಂಡಾಗಿದೆ.

ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲ್) ಕೊನೆಗೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಇನ್ನೂ ಬಿಸಿಯಾಗದ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ತೆರೆದ ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಬಂದರೂ ಅದೇ. ಖಾತ್ರಿಗೆ ಕಂಬಶ್ಚನ್ ಲೀಕ್ ಟೆಸ್ಟರಿನ ನೀಲಿ ದ್ರವವಿದೆ. ಹೊಗೆ ತಾಗಿದರೆ ಪೆಟ್ರೋಲ್ ಗಾಡಿಯಲ್ಲಿ ಹಳದಿಗೆ, ಡೀಸೆಲಿನಲ್ಲಿ ಹಸಿರಿಗೆ ತಿರುಗುತ್ತದೆ. ಆಯಿಲ್ ಮುಚ್ಚಳದಡಿ ಬಿಳಿ ಕೆನೆ ಕಂಡ ಮಾತ್ರಕ್ಕೆ ಹೆಡ್ ಇಳಿಸಬೇಡಿ. ಆಟಿ ತಿಂಗಳ ಮಳೆಯಲ್ಲಿ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವ ಕೂತೂ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆತ ಬಣ್ಣವಿದ್ದರೆ ಬೇರೆ ಮಾತು.

ಕೂಲೆಂಟಿಗೆ ಬಾವಿ ನೀರು ಬೆರೆಸಬೇಡಿ. ಮುರಕಲ್ಲಿನ ನೆಲದ ಬಾವಿಗಳ ನೀರು ಹೆಚ್ಚಾಗಿ ಆಮ್ಲೀಯ, ಕಡಲ ಹತ್ತಿರ ಉಪ್ಪು, ಬೋರ್‌ವೆಲ್ಲಿನಲ್ಲಿ ಕಬ್ಬಿಣ, ಯಾವುದೂ ಅಲ್ಯುಮಿನಿಯಂ ಹೆಡ್ಡಿಗೆ ಆಗಿಬರುವುದಿಲ್ಲ. ಡಿಸ್ಟಿಲ್ಡ್ ವಾಟರ್ ಬಳಸಿ. ಬಣ್ಣ ನೋಡಿ ಕೂಲೆಂಟ್ ಬೆರೆಸುವುದೂ ತಪ್ಪು, ಜಾತಿ ಬೇರೆಯಾದರೆ ಗಂಜಿಯಂತೆ ಕಟ್ಟಿಕೊಳ್ಳಬಹುದು, ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ. ಒಟ್ಟು 5 ಲೀಟರಿನ ವ್ಯವಸ್ಥೆಯನ್ನು ನೀರಿನಲ್ಲಿ ತೊಳೆದ ಮೇಲೆ ಬಸಿದರೆ 3 ಲೀಟರೇ ಬರಬಹುದು, ಉಳಿದದ್ದು ಬ್ಲಾಕಿನೊಳಗೆ. ಆದ್ದರಿಂದ ಅರ್ಧಕ್ಕರ್ಧ ಆಗುವ ಹಾಗೆ ಮೊದಲು 2.5 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್) ಹೊಯ್ದು, ಆಮೇಲೆ ಹಿಡಿಸಿದಷ್ಟು ನೀರು ಸೇರಿಸಿ. ಬಸಿದದ್ದನ್ನು ಅಂಗಳದಲ್ಲಿ ಬಿಡಬೇಡಿ, ಸಿಹಿ ಎಂದು ನಾಯಿ ನೆಕ್ಕಿದರೆ ಸಾಯುತ್ತದೆ.

ತುಂಬಿದ ಮೇಲೆ ಗಾಳಿ ತೆಗೆಯದಿದ್ದರೆ ಮಾಡಿದ ಕೆಲಸ ನೀರುಪಾಲು. ಕಾರಿನ ಮೂತಿ ಮೇಲಾಗುವ ಹಾಗೆ ಏರಿನಲ್ಲಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಐಡ್ಲಿಂಗಿನಲ್ಲಿ ಬಿಡಿ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲಿಸಿ. ಮಟ್ಟ ಇಳಿದಾಗ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, ಮೇಲಿನ ಹೋಸ್ ಬಿಸಿಯಾಗಿ ನೀರು ಬಾಯಿಗೆ ಏರತೊಡಗಿದಾಗ ಮುಚ್ಚಳ ಹಾಕಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲಲಿ, ಹೀಟರಿನಿಂದ ಸಮನಾದ ಬಿಸಿಗಾಳಿ ಬರಲಿ. ಮರುದಿನ ಬೆಳಿಗ್ಗೆ ತಣಿದ ಮೇಲೆ ಮಟ್ಟ ಇನ್ನೊಮ್ಮೆ ನೋಡಿ, ಇಳಿದಿದ್ದರೆ ತುಂಬಿಸಿ.